ಕೆಲಸಗಾರರ ಮೇಲೆ ಶಿಸ್ತುಕ್ರಮ: ದೂರು ಬಂದ ದಿನದಿಂದ ಆದೇಶದವರೆಗೆ, ಯಾವುದರ ನಂತರ ಯಾವುದು

"ನಾಳೆಯಿಂದ ಬರಬೇಡ." ಗೇಟಿನಲ್ಲಿ ನಿಂತು ಸಿಟ್ಟಿನಲ್ಲಿ ಹೇಳುವ ಈ ಒಂದು ಮಾತಿನಿಂದ ಎಷ್ಟೋ ಪ್ರಕರಣಗಳು ಶುರುವಿನಲ್ಲೇ ಕೆಡುತ್ತವೆ. ಬಳ್ಳಾರಿಯ ಜೀನ್ಸ್ ಯೂನಿಟ್ ಇರಲಿ, ಗಿಣಿಗೇರಿ ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆ ಇರಲಿ, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿ, ರಾಯಚೂರಿನ ಹತ್ತಿ ಜಿನ್ನಿಂಗ್ ಇರಲಿ, ನಡೆಯುವ ರೀತಿ ಒಂದೇ. ಮೊದಲು ಕೆಲಸದಿಂದ ತೆಗೆಯುತ್ತಾರೆ. ಕಾರ್ಮಿಕ ಅಧಿಕಾರಿಗಳ ಕಚೇರಿಯಿಂದ ನೋಟಿಸ್ ಬಂದ ಮೇಲೆ ಹಳೇ ತಾರೀಖು ಹಾಕಿ ಕಾಗದ ತಯಾರು ಮಾಡಲು ಕೂರುತ್ತಾರೆ. ಅಷ್ಟೊತ್ತಿಗೆ ಸಾಕ್ಷಿ ಹೇಳಬೇಕಾದವರು ಬೇರೆ ಯೂನಿಟ್ ಸೇರಿರುತ್ತಾರೆ. ಸಿಸಿಟಿವಿಯಲ್ಲಿದ್ದದ್ದು ಅಳಿಸಿಹೋಗಿರುತ್ತದೆ.

ಇದರಿಂದ ಎರಡೂ ಕಡೆ ಕೆಡುಕೇ. ನಿಜವಾಗಿ ಕದ್ದವನು ಕಾಗದ ಸರಿಯಿಲ್ಲ ಅನ್ನುವ ಕಾರಣಕ್ಕೆ ಹಿಂಬಾಕಿ ಪಗಾರದ ಜೊತೆ ವಾಪಸ್ ಬರಬಹುದು. ಏನೂ ಮಾಡದವನು ಕಳ್ಳ ಅನ್ನಿಸಿಕೊಂಡು ಮನೆಯಲ್ಲಿ ಕೂರಬಹುದು. ಎರಡಕ್ಕೂ ಕಾರಣ ತೀರ್ಮಾನ ಮೊದಲಾಗಿ, ವಿಚಾರಣೆ ಆಮೇಲೆ ಆಗಿರುವುದು. ಹಾಗಾಗಿ ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ. ಒಂದನ್ನು ಹಾರಿಸಿದರೂ ಮುಂದಿನದು ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಕಾನೂನಿನ ಬಗ್ಗೆ ಒಂದು ಮಾತು. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 300 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಸ್ಥಾಯಿ ಆದೇಶಗಳು, ಅಂದರೆ ಕೆಲಸದ ಷರತ್ತು, ಶಿಸ್ತಿನ ಬರಹದ ನಿಯಮಗಳು, ಕಡ್ಡಾಯ. "ನಮ್ಮಲ್ಲಿ ಇರುವುದೇ 40 ಜನ, ಇದೆಲ್ಲಾ ನಮಗೆ ಬೇಡ" ಅಂದುಕೊಳ್ಳಬೇಡಿ. ಆರೋಪ ತಿಳಿಸಬೇಕು, ಅವರ ಮಾತು ಕೇಳಬೇಕು, ಆಮೇಲೆ ತೀರ್ಮಾನಿಸಬೇಕು ಅನ್ನುವುದು ಸಹಜ ನ್ಯಾಯ. ಅದಕ್ಕೆ ತಲೆ ಎಣಿಕೆ ಇಲ್ಲ. ಅಂಗಡಿ, ಶೋರೂಂ, ಹೋಟೆಲ್ ನಡೆಸುವವರಿಗೂ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಇದೇ ಮಾತಿದೆ. ಆರು ತಿಂಗಳು ಸತತ ಕೆಲಸ ಮಾಡಿದವರನ್ನು ತೆಗೆಯಬೇಕಾದರೆ ಸರಿಯಾದ ಕಾರಣ ಇರಬೇಕು, ಒಂದು ತಿಂಗಳ ನೋಟಿಸ್ ಕೊಡಬೇಕು. ದುರ್ನಡತೆಗಾಗಿ ನೋಟಿಸ್ ಇಲ್ಲದೆ ತೆಗೆಯುವುದಾದರೆ ವಿಚಾರಣೆ ನಡೆಸಿ ಸಾಕ್ಷಿ ದಾಖಲಿಸಿರಬೇಕು.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದವು

ಪ್ರಕರಣ ಬಂದ ಮೇಲೆ ಹುಡುಕಿದರೆ ಇವು ಸಿಗುವುದಿಲ್ಲ. ಇವತ್ತೇ ಜೋಡಿಸಿಟ್ಟುಕೊಳ್ಳಿ.

ನಿಯಮಗಳ ಪಟ್ಟಿ. ಏನು ಮಾಡಿದರೆ ತಪ್ಪು ಅನ್ನುವುದು ಕನ್ನಡದಲ್ಲಿ ಬರೆದು ಗೋಡೆ ಮೇಲೆ ಇರಬೇಕು. ತೆಲುಗು, ಉರ್ದು ಮಾತಾಡುವವರು ನಮ್ಮಲ್ಲಿ ಜಾಸ್ತಿ. ಕಾರ್ಖಾನೆಗಳಲ್ಲಿ ಬಿಹಾರ, ಒಡಿಶಾದ ಹುಡುಗರೂ ಇದ್ದಾರೆ. ಅವರಿಗೆ ತಿಳಿಯುವ ಭಾಷೆಯಲ್ಲೂ ಒಂದು ಪ್ರತಿ ಹಾಕಿ. ಓದಲು ಬಾರದವರಿಗೆ ಓದಿ ಹೇಳಿ, ಹೇಳಿದ್ದಕ್ಕೆ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳಿ.

ಪ್ರತಿಯೊಬ್ಬರದೂ ಒಂದು ಫೈಲ್. ನೇಮಕಾತಿ ಪತ್ರ, ಊರಿನ ಪೂರ್ತಿ ವಿಳಾಸ, ಫೋನ್ ನಂಬರ್, ಹಿಂದೆ ಕೊಟ್ಟ ಎಚ್ಚರಿಕೆಗಳು. ವಿಳಾಸದ ಜಾಗದಲ್ಲಿ "ಕೌಲ್ ಬಜಾರ್, ಬಳ್ಳಾರಿ" ಅಂತ ಅಷ್ಟೇ ಇದ್ದರೆ ನಿಮ್ಮ ಕಾಗದ ಯಾರಿಗೂ ತಲುಪುವುದಿಲ್ಲ. ಬಾಡಿಗೆ ಮನೆ ವಿಳಾಸ, ಸ್ವಂತ ಊರಿನ ವಿಳಾಸ ಎರಡೂ ಬೇಕು.

ಹಾಜರಿ ಮತ್ತು ಪಗಾರದ ದಾಖಲೆ, ದಂಡದ ರಿಜಿಸ್ಟರ್, ಕಾಗದ ಕೊಟ್ಟಿದ್ದಕ್ಕೆ ಸಹಿ ಪಡೆಯುವ ಒಂದು ಪುಸ್ತಕ. ಅಂಚೆಯಲ್ಲಿ ಕಳಿಸುವುದಾದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಫೈಲಿಗೆ ಅಂಟಿಸಿ. ನೋಂದಾಯಿತ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ.

ವಿಚಾರಣೆ ಮಾಡಬಲ್ಲ ಒಬ್ಬ ಮೂರನೆಯ ವ್ಯಕ್ತಿ. ಬೇರೆ ವಿಭಾಗದವರು, ಅಥವಾ ಹೊರಗಿನ ವಕೀಲರು. ಹೆಸರು ಮೊದಲೇ ಯೋಚಿಸಿಟ್ಟಿರಿ.

## ಹಂತ 1: ಇದು ಶಿಸ್ತಿನ ವಿಷಯವೇ? ಮೊದಲು ಅದನ್ನು ನೋಡಿ

ಕೆಲಸ ನಿಧಾನ ಆದದ್ದೆಲ್ಲಾ ದುರ್ನಡತೆ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನ ಕೆಳಗೆ ಕೂತ ಟೇಲರ್‌ನ ಪೀಸು ಕಡಿಮೆಯಾದರೆ ಫ್ಯಾನು, ನೀರು ಸರಿ ಮಾಡಬೇಕು. ನೋಟಿಸ್ ಕೊಟ್ಟರೆ ಪೀಸು ಏರುವುದಿಲ್ಲ. ಹೊಸ ಮಷೀನು ಕೊಟ್ಟು ಕಲಿಸದೆ "ಡ್ಯಾಮೇಜ್ ಮಾಡಿದ" ಅಂದರೆ ಅದು ಕಲಿಸದವರ ತಪ್ಪು.

ಗೈರುಹಾಜರಿಯಲ್ಲೂ ವ್ಯತ್ಯಾಸ ನೋಡಿ. ಗವಿಸಿದ್ಧೇಶ್ವರ ಜಾತ್ರೆ, ಹುಲಿಗೆಮ್ಮನ ಜಾತ್ರೆ, ಊರ ಮೊಹರಂ ಬಂದಾಗ ಅರ್ಧ ಯೂನಿಟ್ ಖಾಲಿ ಆಗುತ್ತದೆ. ಇದು ಪ್ರತಿ ವರ್ಷ ಗೊತ್ತಿರುವ ಸಂಗತಿ ಅಲ್ವಾ? ಮೊದಲೇ ಸರದಿ ಪ್ರಕಾರ ರಜೆ ಹಂಚಿ. ಹಂಚಿದ ಮೇಲೂ ಹೇಳದೆ ಕೇಳದೆ ಹೋದವರ ವಿಷಯ ಮಾತ್ರ ಶಿಸ್ತಿಗೆ ಬರುತ್ತದೆ.

ಎರಡು ವಿಷಯಗಳಿಗೆ ದಾರಿಯೇ ಬೇರೆ. ಅವನ್ನು ಈ ಹಂತದಲ್ಲೇ ಗುರುತಿಸಿ.

ಒಂದು, ಲೈಂಗಿಕ ಕಿರುಕುಳದ ದೂರು. ಅದನ್ನು ಸೂಪರ್‌ವೈಸರ್ ಕೈಗೆ ಕೊಡಬೇಡಿ, ಇಬ್ಬರನ್ನೂ ಎದುರು ನಿಲ್ಲಿಸಿ "ಮಾತಾಡಿ ಮುಗಿಸಿಕೊಳ್ಳಿ" ಅನ್ನಬೇಡಿ. 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳಾ ಉದ್ಯೋಗಿ ಅಧ್ಯಕ್ಷರಾಗಿರಬೇಕು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಂತೆ ಮಹಿಳೆಯರಿರಬೇಕು, ಹೊರಗಿನವರೊಬ್ಬರು ಇರಬೇಕು. ದೂರನ್ನು ಘಟನೆಯಾದ 3 ತಿಂಗಳೊಳಗೆ ಕೊಡಬೇಕು. ಬರೆಯಲು ಬಾರದ ಹೆಣ್ಣುಮಗಳಾದರೆ ಬರೆಯಲು ಸಮಿತಿಯೇ ನೆರವಾಗಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ದುಡ್ಡು ಕೊಟ್ಟು ರಾಜಿ ಮಾಡಿಸುವಂತಿಲ್ಲ. 10ಕ್ಕಿಂತ ಕಡಿಮೆ ಜನ ಇದ್ದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಜೀನ್ಸ್ ಯೂನಿಟ್‌ಗಳಲ್ಲಿ ಇಷ್ಟು ಹೆಣ್ಣುಮಕ್ಕಳು ದುಡಿಯುತ್ತಿರುವಾಗ ಈ ಸಮಿತಿಯ ಹೆಸರುಗಳು ಗೋಡೆ ಮೇಲೆ ಇಲ್ಲದಿರುವುದು ದೊಡ್ಡ ತಪ್ಪು.

ಇನ್ನೊಂದು, ಕಾಯಿಲೆ ಮತ್ತು ಹೆರಿಗೆ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾಯಿಲೆ ಸೌಲಭ್ಯ ಪಡೆಯುತ್ತಾ ಚಿಕಿತ್ಸೆಯಲ್ಲಿ ಇರುವವರನ್ನು ಆ ಅವಧಿಯಲ್ಲಿ ವಜಾ ಮಾಡುವಂತಿಲ್ಲ. ಹೆರಿಗೆ ರಜೆಗೂ ಇದೇ ಮಾತು. "ಹದಿನೈದು ದಿನದಿಂದ ಬಂದಿಲ್ಲ" ಅಂತ ನೋಟಿಸ್ ಬರೆಯುವ ಮೊದಲು ಒಂದು ಫೋನ್ ಮಾಡಿ, ಆಸ್ಪತ್ರೆಯಲ್ಲಿದ್ದಾರೋ ಏನೋ ಕೇಳಿ.

## ಹಂತ 2: ಮೊದಲ 24 ಗಂಟೆಯಲ್ಲಿ ನಡೆದದ್ದನ್ನು ಬರೆದಿಡಿ

ಈ ದಿನ ಮಾಡುವ ಕೆಲಸ ಬರೆದಿಡುವುದು ಮಾತ್ರ. ತೀರ್ಪು ಕೊಡುವ ದಿನ ಇದಲ್ಲ.

ನೋಡಿದವರಿಂದ ಅವರದೇ ಮಾತಿನಲ್ಲಿ ಬರೆಸಿ. "ಅವನು ಕಳ್ಳತನ ಮಾಡಿದ" ಅಂತ ಬರೆಸಬೇಡಿ, ಅದು ಅಭಿಪ್ರಾಯ. "ರಾತ್ರಿ 8.10ಕ್ಕೆ ಗೇಟಿನ ಹತ್ತಿರ ಬ್ಯಾಗ್ ತೆಗೆದಾಗ ಒಳಗೆ ಆರು ಪ್ಯಾಂಟ್ ಇದ್ದವು" ಅನ್ನುವುದು ಸಾಕ್ಷಿ. ಇಬ್ಬರು ನೋಡಿದ್ದರೆ ಇಬ್ಬರಿಂದಲೂ ಬೇರೆ ಬೇರೆ ಕೂರಿಸಿ ಬರೆಸಿ. ಒಂದೇ ಹೇಳಿಕೆಗೆ ಹತ್ತು ಜನರ ಸಹಿ ಹಾಕಿಸಿದರೆ ಅದರ ತೂಕ ಒಬ್ಬರ ಹೇಳಿಕೆಗಿಂತಲೂ ಕಡಿಮೆ.

ಸಿಸಿಟಿವಿ ಇದ್ದರೆ ಅದೇ ದಿನ ಪೆನ್‌ಡ್ರೈವ್‌ಗೆ ಹಾಕಿಸಿ. ರೆಕಾರ್ಡರ್ ಸ್ವಲ್ಪ ದಿನದಲ್ಲಿ ತಾನಾಗೇ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ವಸ್ತು ಸಿಕ್ಕಿದ್ದರೆ ಇಬ್ಬರ ಎದುರು ಎಣಿಸಿ, ಲಾಟ್ ನಂಬರ್, ಸೈಜು ಬರೆದು, ಚೀಲಕ್ಕೆ ಹಾಕಿ ಸೀಲ್ ಮಾಡಿ, ಸಹಿ ಮಾಡಿಸಿ. ಮಾಲು ವಾಪಸ್ ಲೈನಿಗೆ ಹೋದರೆ ತೋರಿಸಲು ಏನೂ ಉಳಿಯುವುದಿಲ್ಲ.

ಇಲ್ಲಿ ಆಗುವ ತಪ್ಪುಗಳು: ಆಫೀಸ್ ಬಾಗಿಲು ಹಾಕಿ ನಾಲ್ಕು ಜನ ಸುತ್ತ ನಿಂತು ತಪ್ಪೊಪ್ಪಿಗೆ ಬರೆಸುವುದು. ಮೊಬೈಲ್, ಆಧಾರ್, ಬೈಕ್ ಕೀಲಿ ಇಟ್ಟುಕೊಳ್ಳುವುದು. ಖಾಲಿ ಹಾಳೆಗೆ ಸಹಿ ಹಾಕಿಸುವುದು. ಕೈ ಮಾಡುವುದು. ಇವುಗಳಲ್ಲಿ ಯಾವುದೊಂದು ಆದರೂ ಪ್ರಕರಣ ನಿಮ್ಮ ಮೇಲೆಯೇ ತಿರುಗುತ್ತದೆ, ತಿರುಗಲೂ ಬೇಕು.

## ಹಂತ 3: ಚಿಕ್ಕ ತಪ್ಪನ್ನು ಚಿಕ್ಕದಾಗಿಯೇ ಮುಗಿಸಿ

ಪಾಳಿಗೆ ತಡವಾಗಿ ಬರುವುದು, ಮಾಸ್ಕ್ ಹಾಕದೆ ಇರುವುದು, ಕೆಲಸದ ಹೊತ್ತಿನಲ್ಲಿ ಫೋನ್. ಇವಕ್ಕೆ ಆರೋಪ ಪತ್ರ, ವಿಚಾರಣೆ ಬೇಕಿಲ್ಲ. ಪಕ್ಕಕ್ಕೆ ಕರೆದು ಮಾತಾಡಿ. ಲೈನಿನಲ್ಲಿ ಎಲ್ಲರ ಎದುರು ಬೈಯಬೇಡಿ. ಮಾತಾಡಿದ್ದನ್ನು ತಾರೀಖು ಹಾಕಿ ಫೈಲಿನಲ್ಲಿ ಒಂದು ಸಾಲು ಬರೆಯಿರಿ. ಮತ್ತೆ ಆದರೆ ಬರಹದ ಎಚ್ಚರಿಕೆ ಕೊಡಿ. ಅದರಲ್ಲಿ ಏನು ತಪ್ಪಾಯಿತು, ಏನು ಬದಲಾಗಬೇಕು, ಮತ್ತೆ ಆದರೆ ಏನು ಆಗಬಹುದು, ಇಷ್ಟೇ ಇರಲಿ.

ದಂಡದ ವಿಷಯದಲ್ಲಿ ನಮ್ಮ ಕಡೆ ತಪ್ಪುಗಳು ಬಹಳ. "ಒಂದು ದಿನ ಬರದಿದ್ದರೆ ಎರಡು ದಿನದ ಪಗಾರ ಕಟ್" ಅನ್ನುವುದು ಎಷ್ಟೋ ಕಡೆ ಬೋರ್ಡ್ ಮೇಲೆಯೇ ಇರುತ್ತದೆ. ಅದು ಕಾನೂನಿಗೆ ವಿರುದ್ಧ. ಬರದಿದ್ದ ಅವಧಿಯ ಪಗಾರ ಮಾತ್ರ ಹಿಡಿಯಬಹುದು.

ದಂಡ ಹಾಕುವುದಾದರೆ ಲೆಕ್ಕ ಹೀಗೆ. ಒಂದು ಪಗಾರದ ಅವಧಿಯಲ್ಲಿ ಒಟ್ಟು ದಂಡ ಆ ಪಗಾರದ ಶೇ 3 ದಾಟಬಾರದು. 12,000 ರೂಪಾಯಿ ಪಗಾರಕ್ಕೆ ತಿಂಗಳಿಗೆ ಹೆಚ್ಚೆಂದರೆ 360 ರೂಪಾಯಿ. ಯಾವ ತಪ್ಪಿಗೆ ದಂಡ ಅನ್ನುವ ಪಟ್ಟಿಗೆ ಮೊದಲೇ ಸರ್ಕಾರದ ಒಪ್ಪಿಗೆ ಪಡೆದು ಗೋಡೆಗೆ ಹಾಕಿರಬೇಕು. ದಂಡ ಹಾಕುವ ಮುಂಚೆ ಅವರ ಮಾತು ಕೇಳಿರಬೇಕು. ಕಂತಿನಲ್ಲಿ ವಸೂಲಿ ಮಾಡುವಂತಿಲ್ಲ, ದಂಡ ಹಾಕಿ 90 ದಿನ ಆದ ಮೇಲೆ ಹಿಡಿಯುವಂತಿಲ್ಲ. ಬಂದ ಹಣ ರಿಜಿಸ್ಟರ್‌ಗೆ ಹೋಗಬೇಕು, ಕೆಲಸಗಾರರ ಒಳಿತಿಗೇ ಖರ್ಚಾಗಬೇಕು. ಮಾಲೀಕರ ಜೇಬಿಗೆ ಹೋಗುವ ದುಡ್ಡಲ್ಲ ಅದು. ಇಷ್ಟೆಲ್ಲಾ ನೋಡಿದರೆ ನನ್ನ ಸಲಹೆ ನೇರ: ದಂಡದ ಗೋಜಿಗೇ ಹೋಗಬೇಡಿ. ಎಚ್ಚರಿಕೆ ಪತ್ರ ಜಾಸ್ತಿ ಕೆಲಸ ಮಾಡುತ್ತದೆ.

## ಹಂತ 4: ಆರೋಪ ಪತ್ರ ಬರೆಯಿರಿ, ತಲುಪಿಸಿ

ಕಳ್ಳತನ, ಹೊಡೆದಾಟ, ಕುಡಿದು ಬರುವುದು, ಬೇಕೆಂದೇ ಮಾಲು ಹಾಳು ಮಾಡುವುದು, ಕುಲುಮೆ ಹತ್ತಿರ ಸುರಕ್ಷತೆ ನಿಯಮ ಮುರಿಯುವುದು, ಎಚ್ಚರಿಕೆ ಕೊಟ್ಟರೂ ನಿಲ್ಲದ ಗೈರುಹಾಜರಿ. ಇಂಥವಕ್ಕೆ ಈ ಹಂತ.

ನಾನು ನೋಡುವ ಆರೋಪ ಪತ್ರಗಳಲ್ಲಿ ಜಾಸ್ತಿ ಹೀಗಿರುತ್ತವೆ: "ನೀವು ಇತ್ತೀಚೆಗೆ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಮೇಲಿನವರಿಗೆ ಗೌರವ ಕೊಡುತ್ತಿಲ್ಲ, ಕಂಪನಿಗೆ ನಷ್ಟ ಮಾಡಿದ್ದೀರಿ. ನಿಮ್ಮನ್ನು ಏಕೆ ಕೆಲಸದಿಂದ ತೆಗೆಯಬಾರದು?" ಇದಕ್ಕೆ ಯಾರಾದರೂ ಉತ್ತರ ಬರೆಯಲು ಆಗುತ್ತದಾ? ಯಾವ ದಿನ, ಯಾರಿಗೆ, ಏನು ಅಂದರು, ಯಾವ ಮಾಲು, ಒಂದೂ ಇಲ್ಲ. ಜೊತೆಗೆ ಶಿಕ್ಷೆ ಆಗಲೇ ತೀರ್ಮಾನವಾಗಿದೆ ಅನ್ನುವುದು ಕೊನೆಯ ಸಾಲಿನಲ್ಲೇ ಕಾಣುತ್ತದೆ.

ಹೀಗೆ ಬರೆಯಿರಿ: "ಈ ತಿಂಗಳ 12ನೇ ತಾರೀಖು ರಾತ್ರಿ 8.10ಕ್ಕೆ ಪಾಳಿ ಮುಗಿಸಿ ಹೋಗುವಾಗ, ಮುಖ್ಯ ಗೇಟಿನಲ್ಲಿ ನಿಮ್ಮ ಕಪ್ಪು ಬ್ಯಾಗಿನಲ್ಲಿ 32 ಸೈಜಿನ ಆರು ಜೀನ್ಸ್ ಪ್ಯಾಂಟ್‌ಗಳು ಸಿಕ್ಕಿವೆ ಎಂದು ಸೆಕ್ಯುರಿಟಿ ಗಾರ್ಡ್ ವರದಿ ಮಾಡಿದ್ದಾರೆ. ಇದು ನಿಜವಾದರೆ ನಿಯಮಗಳ ಪಟ್ಟಿಯ 7ನೇ ಅಂಶದ ಪ್ರಕಾರ ದುರ್ನಡತೆ ಆಗುತ್ತದೆ. ಗಾರ್ಡ್ ಹೇಳಿಕೆ ಮತ್ತು ಮಾಲಿನ ಪಟ್ಟಿಯ ಪ್ರತಿ ಇದರ ಜೊತೆ ಇದೆ. 7 ದಿನದೊಳಗೆ ನಿಮ್ಮ ಉತ್ತರ ಕೊಡಿ."

"ಇದು ನಿಜವಾದರೆ" ಅನ್ನುವ ಮಾತು ಬಿಡಬೇಡಿ. ತೀರ್ಮಾನ ಇನ್ನೂ ಆಗಿಲ್ಲ ಅಂತ ಕಾಗದವೇ ಹೇಳುತ್ತದೆ. ಭಾಷೆ ಅವರಿಗೆ ಓದಲು ಬರುವ ಭಾಷೆಯಾಗಿರಲಿ. ಓದಲು ಬಾರದಿದ್ದರೆ ಓದಿ ಹೇಳಿ, ಯಾರು ಓದಿ ಹೇಳಿದರು ಅಂತ ಕೆಳಗೆ ಬರೆಯಿರಿ.

ತಲುಪಿಸುವುದು ಹೀಗೆ. ಮೊದಲು ಕೈಯಲ್ಲಿ ಕೊಟ್ಟು ಸಹಿ ತೆಗೆದುಕೊಳ್ಳಿ. "ನಾನು ತಗೊಳ್ಳಲ್ಲ" ಅಂದರೆ ಜಗಳ ಬೇಡ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ "ನಿರಾಕರಿಸಿದರು" ಅಂತ ಬರೆದು, ಎರಡೂ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ. ವಾಟ್ಸಾಪ್‌ನಲ್ಲೂ ಕಳಿಸಿ, ಆದರೆ ಅದೊಂದನ್ನೇ ನಂಬಬೇಡಿ. ಲಕೋಟೆ ವಾಪಸ್ ಬಂದರೆ ಒಡೆಯದೆ ಫೈಲಿನಲ್ಲಿಡಿ, ಅದರ ಮೇಲೆ ಅಂಚೆಯವರು ಬರೆದದ್ದೇ ಸಾಕ್ಷಿ.

ಉತ್ತರ ಬಂದ ಮೇಲೆ ಮನಸ್ಸಿಟ್ಟು ಓದಿ. ಒಪ್ಪುವಂತಿದ್ದರೆ ಪ್ರಕರಣ ಅಲ್ಲೇ ಮುಗಿಸಿ, ಮುಗಿಸಿದ್ದೇವೆ ಅಂತ ಬರೆದು ಕೊಡಿ. ಬಾಯಿಮಾತಿನಲ್ಲಿ ಬಿಟ್ಟರೆ ಆರೋಪ ಅವರ ತಲೆ ಮೇಲೆ ತೂಗುತ್ತಲೇ ಇರುತ್ತದೆ.

## ಹಂತ 5: ಅಮಾನತು ಬೇಕೇ ಬೇಕಾ, ಯೋಚಿಸಿ

ಅಮಾನತು ಶಿಕ್ಷೆಯಲ್ಲ. ಅವರು ಒಳಗಿದ್ದರೆ ಸಾಕ್ಷಿಗಳಿಗೆ ಹೆದರಿಕೆ, ದಾಖಲೆಗೆ ಅಪಾಯ ಅಥವಾ ಮತ್ತೆ ಹೊಡೆದಾಟ ಆಗಬಹುದು ಅನ್ನಿಸಿದರೆ ಮಾತ್ರ ಮಾಡಿ. ಆದೇಶ ಬರಹದಲ್ಲಿರಲಿ, ಕಾರಣ ಇರಲಿ.

ಅಮಾನತಿನಲ್ಲಿರುವಾಗ ಜೀವನಾಧಾರ ಭತ್ಯೆ ಕೊಡಲೇಬೇಕು. ಮೊದಲ 90 ದಿನ ಪಗಾರದ ಶೇ 50. ಅದಾದ ಮೇಲೂ ವಿಚಾರಣೆ ಮುಗಿದಿಲ್ಲ, ತಡಕ್ಕೆ ಅವರು ಕಾರಣ ಅಲ್ಲ ಅಂದರೆ ಶೇ 75. ಹೊಸ ಸಂಹಿತೆ ಅಮಾನತಾದ ದಿನದಿಂದ ಸಾಮಾನ್ಯವಾಗಿ 90 ದಿನದೊಳಗೆ ವಿಚಾರಣೆ ಮುಗಿಸಿ ಅನ್ನುತ್ತದೆ. ಚಿಕ್ಕ ಯೂನಿಟ್‌ನವರೂ ಇದನ್ನೇ ಗಡುವು ಅಂತ ಇಟ್ಟುಕೊಳ್ಳಿ.

ಭತ್ಯೆ ನಿಲ್ಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಕೋಲಾರದ ಭಾರತ್ ಗೋಲ್ಡ್ ಮೈನ್ಸ್ ಪ್ರಕರಣ ನೋಡಿ. ಚಿನ್ನ ಸಿಕ್ಕಿತು ಅನ್ನುವ ಆರೋಪದಲ್ಲಿ ಭದ್ರತಾ ಅಧಿಕಾರಿಯೊಬ್ಬರನ್ನು ಅಮಾನತು ಮಾಡಿದರು. ಭತ್ಯೆ ಕೊಡಲಿಲ್ಲ. ಅವರು ಕೇರಳದಲ್ಲಿದ್ದರು, ದುಡ್ಡಿಲ್ಲದೆ ವಿಚಾರಣೆಗೆ ಬರಲಾಗಲಿಲ್ಲ. ಬರಲಿಲ್ಲ ಅಂತ ಏಕಪಕ್ಷೀಯವಾಗಿ ಮುಗಿಸಿ ವಜಾ ಮಾಡಿದರು. 1999ರಲ್ಲಿ ಸುಪ್ರೀಂ ಕೋರ್ಟ್ ಆ ವಿಚಾರಣೆ ಸಿಂಧುವಲ್ಲ ಅಂದಿತು. ನಮ್ಮಲ್ಲೂ ಅಮಾನತಾದವರು ಬಿಹಾರಕ್ಕೋ ಒಡಿಶಾಕ್ಕೋ ಹೋಗಿರುತ್ತಾರೆ. ಭತ್ಯೆ ಅವರ ಖಾತೆಗೆ ಹೋಗಿದೆಯಾ ಅಂತ ಪ್ರತಿ ತಿಂಗಳು ನೋಡಿ.

## ಹಂತ 6: ವಿಚಾರಣೆ ನಡೆಸಿ

ಇಡೀ ಕೆಲಸದ ಜೀವ ಇಲ್ಲಿದೆ. ಸುಮ್ನೆ ಶಾಸ್ತ್ರಕ್ಕೆ ಮಾಡಿದರೆ ಗೊತ್ತಾಗಿಬಿಡುತ್ತದೆ. ಒಂದು ವಿಚಾರಣೆಗೆ ಏನೇನು ಬೇಕು ಅಂತ ಸುಪ್ರೀಂ ಕೋರ್ಟ್ 1963ರಲ್ಲಿ ಸುರ್ ಎನಾಮಲ್ ಪ್ರಕರಣದಲ್ಲಿ ಹೇಳಿದ್ದು ಇವತ್ತಿಗೂ ಅಳತೆಗೋಲು. ಆರೋಪ ಸ್ಪಷ್ಟವಾಗಿ ತಿಳಿಸಿರಬೇಕು. ಸಾಕ್ಷಿಗಳ ಹೇಳಿಕೆ ಆರೋಪ ಹೊತ್ತ ಕೆಲಸಗಾರರ ಎದುರಿನಲ್ಲೇ ಆಗಬೇಕು. ಅವರಿಗೆ ಪಾಟೀಸವಾಲು ಮಾಡುವ, ಅಂದರೆ ಸಾಕ್ಷಿಗಳಿಗೆ ತಿರುಗಿ ಪ್ರಶ್ನೆ ಕೇಳುವ ಅವಕಾಶ ಇರಬೇಕು. ತಮ್ಮ ಕಡೆಯ ಸಾಕ್ಷಿ ತರುವ ಅವಕಾಶ ಇರಬೇಕು. ಕೊನೆಗೆ ವರದಿಯಲ್ಲಿ ಕಾರಣ ಕೊಟ್ಟು ಬರೆಯಬೇಕು.

ಯಾರು ವಿಚಾರಣಾಧಿಕಾರಿ? ದೂರು ಕೊಟ್ಟವರಲ್ಲ, ನೋಡಿದವರಲ್ಲ, ಆರೋಪ ಪತ್ರಕ್ಕೆ ಸಹಿ ಹಾಕಿದವರಲ್ಲ. ಮಾಲೀಕರ ತಮ್ಮ, ಅಳಿಯ ಬೇಡ. ಆಡಳಿತದ ಪರವಾಗಿ ಸಾಕ್ಷಿಗಳನ್ನು ಮುಂದಿಡಲು ಇನ್ನೊಬ್ಬರು ಬೇಕು. ಎರಡೂ ಒಬ್ಬರೇ ಮಾಡಿದರೆ ಪ್ರಶ್ನೆ ಹಾಕುವವರೂ ಅವರೇ, ತೀರ್ಮಾನಿಸುವವರೂ ಅವರೇ ಆಗುತ್ತದೆ. ಕೆಲಸಗಾರರಿಗೆ ನೆರವಿಗೆ ಒಬ್ಬ ಸಹೋದ್ಯೋಗಿಯನ್ನು ಕರೆತರಲು ಬಿಡಿ. ಆಡಳಿತ ವಕೀಲರನ್ನು ಇಟ್ಟುಕೊಂಡರೆ ಕೆಲಸಗಾರರಿಗೂ ಅದೇ ಅವಕಾಶ ಕೊಡಿ.

ಆ ದಿನದ ಕ್ರಮ. ನೋಟಿಸಿನಲ್ಲಿ ತಾರೀಖು, ಗಂಟೆ, ಜಾಗ ಬರೆದಿರಬೇಕು. ಕೆಲಸದ ಅವಧಿಯಲ್ಲೇ ಇಡಿ. ಪೀಸ್ ರೇಟಿನವರಾದರೆ ಆ ದಿನದ ಕೂಲಿ ಮುಳುಗದಂತೆ ನೋಡಿ, ಇಲ್ಲದಿದ್ದರೆ ಸಾಕ್ಷಿಗಳೂ ಬರುವುದಿಲ್ಲ. ಎಲ್ಲರಿಗೂ ಕುರ್ಚಿ ಕೊಡಿ. ಆರೋಪ ಹೊತ್ತವರನ್ನು ನಿಲ್ಲಿಸಿ ಮಾತಾಡಿಸುವುದು, ಏಕವಚನದಲ್ಲಿ ಕರೆಯುವುದು ಬೇಡ.

ಮೊದಲು ಆರೋಪ ಓದಿ ಹೇಳಿ, ಒಪ್ಪುತ್ತಾರಾ ಕೇಳಿ. ಇಲ್ಲ ಅಂದರೆ ಆಡಳಿತದ ಸಾಕ್ಷಿಗಳು ಒಬ್ಬೊಬ್ಬರಾಗಿ ಬರಲಿ. ಒಬ್ಬರು ಹೇಳುವಾಗ ಉಳಿದ ಸಾಕ್ಷಿಗಳು ಹೊರಗಿರಲಿ. ಪ್ರತಿಯೊಬ್ಬರೂ ಹೇಳಿ ಮುಗಿಸಿದ ಮೇಲೆ ಪಾಟೀಸವಾಲು. ಇದನ್ನು ಜನ ಹಾರಿಸಿಬಿಡುತ್ತಾರೆ. ಹಾರಿಸಬಾರದು ಯಾಕೆ ಅಂತ ಮೇಲಿನ ಜೀನ್ಸ್ ಉದಾಹರಣೆಯಲ್ಲೇ ನೋಡಿ. ಗಾರ್ಡ್ ಹೇಳಿ ಮುಗಿಸಿದ್ದಾರೆ ಅಂದುಕೊಳ್ಳಿ.

"ಅವರು ಹೇಳಿದ್ದು ಕೇಳಿದ್ರಲ್ಲ, ನೀವು ಏನಾದರೂ ಕೇಳೋದಿದೆಯಾ?" ಅಂತ ವಿಚಾರಣಾಧಿಕಾರಿ ಕೇಳುತ್ತಾರೆ.

ಟೇಲರ್ ಗಾರ್ಡ್ ಕಡೆ ತಿರುಗುತ್ತಾರೆ. "ಬ್ಯಾಗ್ ತೆಗೆದು ನೋಡೋ ಹೊತ್ತಿಗೆ ನಾನು ಅಲ್ಲೇ ಇದ್ನೇನಣ್ಣ?"

"ಇಲ್ಲಪ್ಪ. ನೀನು ನೀರು ಕುಡಿಯಾಕ ಹೋಗಿದ್ದಿ. ಬ್ಯಾಗ್ ಟೇಬಲ್ ಮ್ಯಾಲಿತ್ತು."

"ಎಷ್ಟೊತ್ತಿಂದ ಇತ್ತು?"

"ಅದು ನಂಗೊತ್ತಿಲ್ಲ. ಆಗ ಗುಂಪಿತ್ತು."

ಇಷ್ಟರಲ್ಲೇ ಪ್ರಕರಣ ಬೇರೆ ಆಯಿತು. ಬ್ಯಾಗ್ ಅವರದೇ, ಪ್ಯಾಂಟ್ ಸಿಕ್ಕಿದ್ದೂ ನಿಜ. ಆದರೆ ಹಾಕಿದವರು ಯಾರು ಅನ್ನುವುದು ಈಗ ತೆರೆದ ಪ್ರಶ್ನೆ. ಟೇಬಲ್ ಹತ್ತಿರ ಯಾರು ಬಂದರು ಅಂತ ಸಿಸಿಟಿವಿ ನೋಡಬೇಕು, ಆ ಲಾಟ್ ಯಾರ ಕೈಯಲ್ಲಿತ್ತು ಅಂತ ಬಂಡಲ್ ಚೀಟಿ ನೋಡಬೇಕು. ಬರಹದ ಹೇಳಿಕೆಯಲ್ಲಿ ಇದ್ಯಾವುದೂ ಇರಲಿಲ್ಲ. ಗಾರ್ಡ್ ಸುಳ್ಳು ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ ಅಷ್ಟೇ.

ಬರೆಯುವ ರೀತಿ. ಪ್ರಶ್ನೆ, ಉತ್ತರ ಎರಡೂ ಅವರು ಆಡಿದ ಮಾತಿನಲ್ಲೇ ದಾಖಲಾಗಲಿ. ಪ್ರತಿ ಪುಟದ ಕೆಳಗೆ ವಿಚಾರಣಾಧಿಕಾರಿ, ಸಾಕ್ಷಿ, ಕೆಲಸಗಾರ, ಆಡಳಿತದ ಪ್ರತಿನಿಧಿ ಸಹಿ ಮಾಡಬೇಕು. ಆ ದಿನದ ನಡಾವಳಿಯ ಪ್ರತಿಯನ್ನು ಆ ದಿನವೇ ಕೈಯಲ್ಲಿ ಕೊಡಿ. ಆಮೇಲೆ "ನಾನು ಹಾಗೆ ಹೇಳಿಲ್ಲ" ಅನ್ನುವ ಜಗಳ ಬರುವುದಿಲ್ಲ.

ಅವರು ಬರದಿದ್ದರೆ? ಒಂದೇ ಸಲಕ್ಕೆ ಏಕಪಕ್ಷೀಯ ಮಾಡಬೇಡಿ. ಇನ್ನೊಂದು ತಾರೀಖು ಕೊಟ್ಟು, ಆಗಲೂ ಬರದಿದ್ದರೆ ನೀವಿಲ್ಲದೆ ನಡೆಯುತ್ತದೆ ಅಂತ ಬರೆದು ತಿಳಿಸಿ. ಆಮೇಲೂ ಬರದಿದ್ದರೆ ನಡೆಸಿ, ಆದರೆ ಸಾಕ್ಷಿಗಳನ್ನು ಕರೆದೇ ನಡೆಸಿ. ಗೈರು ಅಂದ ಮಾತ್ರಕ್ಕೆ ಆರೋಪ ಸಾಬೀತು ಆಗುವುದಿಲ್ಲ.

ಇಂಥವು ಕಂಡರೆ ಅಲ್ಲೇ ನಿಲ್ಲಿಸಿ: ಸಾಕ್ಷಿಗಳೆಲ್ಲಾ ಒಂದೇ ವಾಕ್ಯ ಹೇಳುತ್ತಿದ್ದಾರೆ. ಮಾಲೀಕರು ಮಧ್ಯೆ ಬಂದು ಕೂರುತ್ತಿದ್ದಾರೆ. ವಿಚಾರಣೆ ನಡೆಯುವಾಗಲೇ ಆ ಮಷೀನಿಗೆ ಹೊಸಬರನ್ನು ಕಾಯಂ ತಗೊಂಡಿದ್ದಾರೆ. ಕೆಲಸಗಾರ ಎರಡು ವಾರದ ಹಿಂದಷ್ಟೇ ಪಿಎಫ್ ಬಗ್ಗೆ ದೂರು ಕೊಟ್ಟಿದ್ದರು. ಕೊನೆಯದು ಇದ್ದರೆ, ಈ ಕ್ರಮ ನಿಜಕ್ಕೂ ತಪ್ಪಿಗಾಗಿಯೋ ದೂರಿಗಾಗಿಯೋ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಮುಂದೆ ಕಾರ್ಮಿಕ ಅಧಿಕಾರಿಯೂ ಅದನ್ನೇ ಕೇಳುತ್ತಾರೆ.

## ಹಂತ 7: ವರದಿ ಮತ್ತು ಎರಡನೇ ನೋಟಿಸ್

ವಿಚಾರಣಾಧಿಕಾರಿ ಆರೋಪ ಸಾಬೀತಾಗಿದೆಯೋ ಇಲ್ಲವೋ, ಯಾವ ಸಾಕ್ಷಿಯಿಂದ, ಯಾಕೆ ಅಂತ ಬರೆಯಬೇಕು. ಶಿಕ್ಷೆ ಏನು ಅಂತ ಬರೆಯುವುದು ಅವರ ಕೆಲಸವಲ್ಲ. ಕೋರ್ಟಿನ ಕ್ರಿಮಿನಲ್ ಕೇಸಿನಷ್ಟು ಕಟ್ಟುನಿಟ್ಟಿನ ಸಾಬೀತು ಬೇಕಿಲ್ಲ, ಹೀಗೆಯೇ ಆಗಿರುವ ಸಾಧ್ಯತೆ ಹೆಚ್ಚು ಅನ್ನುವಷ್ಟು ಸಾಕ್ಷಿ ಇದ್ದರೆ ಸಾಕು. ಬರೀ ಅನುಮಾನ ಮಾತ್ರ ಸಾಲದು.

ಆ ವರದಿಯ ಪ್ರತಿಯನ್ನು ಶಿಕ್ಷೆ ತೀರ್ಮಾನಿಸುವ ಮುಂಚೆ ಕೆಲಸಗಾರರಿಗೆ ಕೊಡಬೇಕು. 1993ರ ಇಸಿಐಎಲ್ (ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ) ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನಿಂದ ಇದು ಸ್ಥಿರವಾಗಿದೆ. ಅದರ ಜೊತೆಗೇ ಎರಡನೇ ನೋಟಿಸ್ ಕೊಟ್ಟು, ವರದಿ ಬಗ್ಗೆ, ಯೋಚಿಸಿರುವ ಶಿಕ್ಷೆ ಬಗ್ಗೆ ಏನು ಹೇಳುತ್ತೀರಿ ಅಂತ ಕೇಳಿ.

ಹಳೇ ತಪ್ಪುಗಳನ್ನು ಲೆಕ್ಕಕ್ಕೆ ತಗೊಳ್ಳುವುದಾದರೆ ಈ ನೋಟಿಸಿನಲ್ಲೇ ಅವನ್ನು ತಾರೀಖು ಸಮೇತ ಬರೆಯಿರಿ. 1963ರಲ್ಲಿ ನಮ್ಮದೇ ಮೈಸೂರು ರಾಜ್ಯದ ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಹಿಂದಿನ ದಾಖಲೆ ನೋಡಿ ಶಿಕ್ಷೆ ಜಾಸ್ತಿ ಮಾಡುತ್ತೇವೆ ಅಂತ ಮೊದಲೇ ತಿಳಿಸದೆ ಮಾಡಿದರೆ, ಅವರಿಗೆ ಉತ್ತರ ಕೊಡುವ ಅವಕಾಶವೇ ಸಿಗಲಿಲ್ಲ ಅಂತಾಗುತ್ತದೆ.

## ಹಂತ 8: ಶಿಕ್ಷೆ ತಪ್ಪಿನಷ್ಟೇ ಇರಲಿ

ಇಲ್ಲಿ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದೇ ತಪ್ಪು ಹಿಂದೆ ಬೇರೆಯವರು ಮಾಡಿದಾಗ ಏನು ಮಾಡಿದ್ದಿರಿ? ಇವರ ಸೇವೆ ಎಷ್ಟು ವರ್ಷ, ಹೇಗಿತ್ತು? ಇದಕ್ಕಿಂತ ಕಡಿಮೆ ಶಿಕ್ಷೆಯಿಂದ ಕೆಲಸ ಆಗುವುದಿಲ್ಲವೇ?

ರಾತ್ರಿ ಪಾಳಿಯಲ್ಲಿ ನಿದ್ದೆ ಮಾಡಿದ್ದಕ್ಕೆ ಮೇಸ್ತ್ರಿ ಕಡೆಯವರಿಗೆ ಎಚ್ಚರಿಕೆ, ಹೊರಗಿನವರಿಗೆ ವಜಾ ಅಂದರೆ ವಿಚಾರಣೆ ಎಷ್ಟೇ ಚೆನ್ನಾಗಿ ನಡೆದಿದ್ದರೂ ಅದು ಅನ್ಯಾಯ. ಹಾಗಂತ ಎಲ್ಲಾ ನಿದ್ದೆಯೂ ಒಂದೇ ಅಲ್ಲ. ಪ್ಯಾಕಿಂಗ್‌ನಲ್ಲಿ ಖಾಲಿ ಕೂತು ತೂಕಡಿಸಿದ್ದು ಬೇರೆ, ಬಿಸಿ ಕಿಲ್ನ್ (ಕುಲುಮೆ) ನೋಡಿಕೊಳ್ಳಬೇಕಾದವರು ಮಲಗಿದ್ದು ಬೇರೆ. ಎರಡನೆಯದರಲ್ಲಿ ಬೇರೆಯವರ ಜೀವ ಇದೆ. ಡಬಲ್ ಪಾಳಿ ಮಾಡಿಸಿದ್ದು ನೀವೇ ಆಗಿದ್ದರೆ ಅದೂ ಲೆಕ್ಕಕ್ಕೆ ಬರಬೇಕು.

ಶಿಕ್ಷೆ ವಿಪರೀತ ಅನ್ನಿಸಿದರೆ ಕಡಿಮೆ ಮಾಡುವ ಅಧಿಕಾರ ಕೈಗಾರಿಕಾ ನ್ಯಾಯಮಂಡಳಿಗೆ ಇದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ 11ಎ ಕಲಮಿನಲ್ಲಿದ್ದ ಈ ಅಧಿಕಾರ ಹೊಸ ಸಂಹಿತೆಯಲ್ಲೂ ಉಳಿದಿದೆ. ಯೂನಿಟ್‌ನಲ್ಲಿ ಬೇರೆ ಕೈಗಾರಿಕಾ ವಿವಾದ ಬಾಕಿ ಇದ್ದರೆ ವಜಾ ಮಾಡುವ ಮುಂಚೆ ನಿಲ್ಲಿ. ಒಂದು ತಿಂಗಳ ಪಗಾರ ಕೊಟ್ಟು ಅನುಮೋದನೆಗೆ ಅರ್ಜಿ ಹಾಕಬೇಕೋ, ಮೊದಲೇ ಅನುಮತಿ ಬೇಕೋ ಅನ್ನುವುದು ಈ ತಪ್ಪಿಗೂ ಆ ವಿವಾದಕ್ಕೂ ಸಂಬಂಧ ಇದೆಯಾ ಅನ್ನುವುದರ ಮೇಲೆ ನಿಂತಿದೆ. ಇದನ್ನು ವಕೀಲರ ಹತ್ತಿರ ಕೇಳಿಯೇ ಮಾಡಿ.

ಆದೇಶದಲ್ಲಿ ಆರೋಪ, ವಿಚಾರಣೆ ನಡೆದ ತಾರೀಖುಗಳು, ವರದಿಯ ಸಾರ, ಅವರ ಉತ್ತರಕ್ಕೆ ನಿಮ್ಮ ಅಭಿಪ್ರಾಯ, ಶಿಕ್ಷೆ, ಜಾರಿಯ ದಿನ ಇರಬೇಕು. ಒಂದು ಪುಟ ಸಾಕು. ಹಿಂದಿನ ತಾರೀಖಿನಿಂದ ವಜಾ ಮಾಡಬೇಡಿ.

ವಜಾ ಆದರೂ ದುಡಿದ ದುಡ್ಡು ಅವರದೇ. ಹೊಸ ವೇತನ ಸಂಹಿತೆ ಪ್ರಕಾರ ಬಾಕಿ ಪಗಾರ ಎರಡು ಕೆಲಸದ ದಿನದೊಳಗೆ ಕೊಡಬೇಕು. ಪಿಎಫ್ ತಡೆಯುವಂತಿಲ್ಲ. ಗ್ರ್ಯಾಚುಟಿ ಹಿಡಿಯುವುದಕ್ಕೂ ಮಿತಿ ಇದೆ. ನಷ್ಟ ಮಾಡಿದ್ದರೆ ನಷ್ಟದಷ್ಟು ಮಾತ್ರ. ಪೂರ್ತಿ ಹಿಡಿಯಲು ಹಿಂಸಾಚಾರ, ನೈತಿಕ ಅಧಃಪತನದ ಅಪರಾಧದಂಥ ಕಾರಣ ಬೇಕು. "ಅಡ್ವಾನ್ಸ್ ತೀರಿಸುವವರೆಗೂ ಊರಿಗೆ ಹೋಗುವಂತಿಲ್ಲ" ಅಂತ ತಡೆದು ನಿಲ್ಲಿಸುವುದು ಶಿಸ್ತುಕ್ರಮವಲ್ಲ, ಅಪರಾಧ.

## ಹಂತ 9: ವಾಪಸ್ ಬಂದವರ ಜೊತೆ

ಎಚ್ಚರಿಕೆಯೊಂದಿಗೋ, ಆರೋಪ ಸಾಬೀತಾಗದೆಯೋ ಮರಳಿ ಬಂದವರಿಗೆ ಮೊದಲಿನ ಮಷೀನು, ಮೊದಲಿನ ರೇಟು, ಮೊದಲಿನ ಪಾಳಿ ಕೊಡಿ. ಸಾಬೀತಾಗದಿದ್ದರೆ ಅಮಾನತಿನ ಅವಧಿಯ ಪೂರ್ತಿ ಪಗಾರ, ಕೊಟ್ಟ ಭತ್ಯೆ ಕಳೆದು, ಕೊಡಿ. ಬಂಡಲ್ ಹಂಚುವವರು ಬೇಕೆಂದೇ ಕಷ್ಟದ ಪೀಸು ಕೊಡುತ್ತಿದ್ದಾರಾ ಅಂತ ಮೊದಲ ತಿಂಗಳು ನೀವೇ ನೋಡಿ. ಸಾಕ್ಷಿ ಹೇಳಿದ ಗಾರ್ಡ್‌ಗೂ, ಟೇಲರ್‌ಗಳಿಗೂ ಯಾರಾದರೂ ತೊಂದರೆ ಕೊಡುತ್ತಿದ್ದಾರಾ ಅದನ್ನೂ ನೋಡಿ.

ಎಚ್ಚರಿಕೆ ಪತ್ರ ಎಷ್ಟು ದಿನ ಚಾಲ್ತಿಯಲ್ಲಿರುತ್ತದೆ ಅಂತ ಪತ್ರದಲ್ಲೇ ಬರೆಯಿರಿ. ಒಂದು ವರ್ಷ ಸಾಕು ಅನ್ನುವುದು ನನ್ನ ಅಭಿಪ್ರಾಯ. ಆ ಅವಧಿ ಕಳೆದ ಮೇಲೆ ಅದನ್ನು ಮತ್ತೆ ಎತ್ತಬೇಡಿ. ಪೂರ್ತಿ ಫೈಲನ್ನು, ದೂರಿನಿಂದ ಹಿಡಿದು ಅಂಚೆ ರಸೀದಿಯವರೆಗೆ, ತಾರೀಖಿನ ಪ್ರಕಾರ ಪುಟ ಸಂಖ್ಯೆ ಹಾಕಿ ಬೀಗದಲ್ಲಿಡಿ. ಕೆಲಸಗಾರರು ತಮ್ಮ ಫೈಲಿನ ಪ್ರತಿ ಕೇಳಿದರೆ ಕೊಡಿ.